ಹಿತ್ತಲಿನಲ್ಲಿ ಉಸಿರಾಡಿದ ಹಬೆಯಂತ್ರ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಮೆಟ್ಟುಪಾಳ್ಯದಿಂದ ಕೂನೂರಿಗೆ ಹಬೆಯ ಎಂಜಿನ್ನು ಏದುತ್ತ ಘಟ್ಟವೇರುವುದನ್ನು ನೋಡುತ್ತಲೇ ಬೆಳೆದವರು ನಾವು. ಅದಕ್ಕೆ ರೈಲ್ವೆ ಕಾರ್ಖಾನೆಗಳ ಆಸರೆಯುಂಟು. ಆದರೆ ಜೀರ್ಣವಾದ ಇಂಥದೊಂದು ಯಂತ್ರವನ್ನು ಗೃಹಸ್ಥನೊಬ್ಬನು ಮನೆಯ ಹಿತ್ತಲಿನಲ್ಲೇ ಬದುಕಿಸಬಲ್ಲನೆ? ಬಲ್ಲನೆಂಬುದಕ್ಕೆ ಇಂಗ್ಲೆಂಡಿನ ಬೋಲ್ಟನ್ ಪಟ್ಟಣದ ಫ್ರೆಡ್ ಡಿಬ್ನಾ (1938–2004) ಅವರೇ ನಿದರ್ಶನ.

ಗಿರಣಿಗಳ ಎತ್ತರದ ಹೊಗೆಕೊಳವೆಗಳನ್ನು ಹತ್ತಿ ದುರಸ್ತಿ ಮಾಡುವುದು ಅವರ ಕಸುಬು. ಏವ್ಲಿಂಗ್ ಮತ್ತು ಪೋರ್ಟರ್ ಕಂಪನಿಯು 1910ರಲ್ಲಿ ನಿರ್ಮಿಸಿದ್ದ ರಸ್ತೆಯ ರೋಲರೊಂದು ಕೊಟ್ಟಿಗೆಯಲ್ಲಿ ಬಿದ್ದಿರುವುದನ್ನು ಕಂಡು, 175 ಪೌಂಡು ತೆತ್ತು ಅದನ್ನು ಕೊಂಡರು. ಬಣ್ಣ ಬಳಿದು ಅಂಗಳದಲ್ಲಿ ನಿಲ್ಲಿಸಿದ್ದರೆ ನೋಡುವವರಿಗೆ ಅಷ್ಟೇ ಸಾಕಾಗುತ್ತಿತ್ತು. ಆದರೆ ಕೆಟ್ಟಿದ್ದುದು ಅದರ ಬಾಯ್ಲರು.

ಹಬೆಯಂತ್ರದಲ್ಲಿ ಪ್ರಾಣಾಪಾಯವಿರುವುದು ಅಲ್ಲಿಯೇ. ಒಳಗೆ ಸುಣ್ಣದ ಹೆಪ್ಪು ಕಟ್ಟುತ್ತದೆ. ತುಕ್ಕು ತಗಡನ್ನು ತೆಳುವಾಗಿಸುತ್ತದೆ. ಹೊರಗಿನ ಕಣ್ಣಿಗೆ ಇದಾವುದೂ ಕಾಣದು. ಅಂಥ ತಗಡು ಒತ್ತಡದಲ್ಲಿ ಬಿರಿದರೆ, ಕುದಿನೀರು ಕ್ಷಣದಲ್ಲಿ ಹಬೆಯಾಗಿ ಸಾವಿರಪಟ್ಟಿಗೂ ಮಿಕ್ಕಿ ಹಿಗ್ಗಿ ಸುತ್ತಲಿನವರನ್ನು ಬಲಿಗೊಳ್ಳುತ್ತದೆ. ಆದುದರಿಂದಲೇ ಬಲ್ಲವರು ಬೆಂಕಿ ಹಾಕುವ ಮೊದಲು ಬಾಯ್ಲರಿಗೆ ತಣ್ಣೀರು ತುಂಬಿ, ಕೆಲಸದ ಒತ್ತಡಕ್ಕಿಂತ ಹೆಚ್ಚು ಒತ್ತಡ ಕೊಟ್ಟು ಪರೀಕ್ಷಿಸುತ್ತಾರೆ. ತಣ್ಣೀರು ಸೋರಿದರೆ ದೋಷ ತಿಳಿಯುತ್ತದೆ, ಜೀವ ಉಳಿಯುತ್ತದೆ.

ಡಿಬ್ನಾ ಅವರು ಊರಿನ ಹಳೆಯ ಕಸುಬುದಾರರ ತಿಳಿವನ್ನು ಆಶ್ರಯಿಸಿ ಹೊಸ ಬಾಯ್ಲರನ್ನೇ ಕಟ್ಟಿದರು. ಇಂಥ ಬಾಯ್ಲರಿನ ತಗಡುಗಳನ್ನು ಬೆಸೆಯುವುದು ರಿವೆಟ್ಟು. ಕೆಂಪಗೆ ಕಾದ ರಿವೆಟ್ಟನ್ನು ತೂತಿಗೆ ತೂರಿಸಿ ತಲೆ ಬಡಿದರೆ, ಅದು ಆರುತ್ತ ಕುಗ್ಗಿ ಎರಡು ತಗಡುಗಳನ್ನೂ ಬಿಗಿದಪ್ಪುತ್ತದೆ. ಬಡಿಯಬೇಕಾದ ಗಳಿಗೆಯನ್ನು ಕಬ್ಬಿಣದ ಬಣ್ಣವೇ ಹೇಳಬೇಕು. ಅದನ್ನು ಕಲಿಯುವುದು ಗುರುವಿನ ಪಕ್ಕದಲ್ಲಿ ನಿಂತೇ.

ಮುಂದೆ 1912ರ ಇನ್ನೊಂದು ಎಂಜಿನ್ನಿಗೆ ಅವರು 27 ವರ್ಷ ದುಡಿದರು. 2004ರಲ್ಲಿ ಅದನ್ನು ಓಡಿಸುತ್ತ ನಾಡನ್ನು ಸುತ್ತಿ, ಅದೇ ವರ್ಷ ನವೆಂಬರಿನಲ್ಲಿ ತೀರಿಕೊಂಡರು. ಇಷ್ಟು ಕಾಲದ ದುಡಿಮೆಗೆ ಫಲವಾಗಿ ಅವರು ಅದನ್ನು ಓಡಿಸಿದ್ದು ಕೆಲವೇ ತಿಂಗಳು. ಅದನ್ನು ನಷ್ಟವೆಂದು ನಾವು ಎಣಿಸುವುದಿಲ್ಲ. ಯಂತ್ರ ಉಳಿಯಿತು, ಅದನ್ನು ಕಟ್ಟುವ ವಿದ್ಯೆಯೂ ಸಾವಿರಾರು ಜನರ ಕಣ್ಣಮುಂದೆ ನಡೆದು ತೋರಿತು.

ನಮ್ಮ ಮನೆಗಳಲ್ಲೂ ಹಳೆಯ ಹೊಲಿಗೆಯಂತ್ರವೋ ನೀರೆತ್ತುವ ಎಂಜಿನ್ನೋ ಮೂಲೆ ಹಿಡಿದಿರಬಹುದು. ಗುಜರಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡೋಣ. ಅದರ ಮರ್ಮವರಿತ ಹಿರಿಯರಿರುವಾಗಲೇ ಮಕ್ಕಳನ್ನು ಅವರ ಪಕ್ಕದಲ್ಲಿ ಕೂರಿಸೋಣ. ಕಬ್ಬಿಣವನ್ನು ಮತ್ತೆ ಎರಕ ಹೊಯ್ಯಬಹುದು. ಕೈಯ ಅರಿವು ಹೋದರೆ ಮರಳಿ ಬಾರದು.