ಗಂಜಿಯ ತಿಳಿ



ಈ ದತ್ತಿ ಉಪನ್ಯಾಸದಲ್ಲಿ ಕರುಣರಸದ ಬಗ್ಗೆ ಮಾತಾಡಿ ಎಂದಿರಿ. ಕಾವ್ಯವನ್ನು ಬದಿಗಿಟ್ಟು ಒಂದು ಜಪಾನಿ ಚಿತ್ರವನ್ನು ಹಿಡಿದುಕೊಂಡು ಬಂದಿದ್ದೇನೆ, ಮನ್ನಿಸಬೇಕು. 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್', ಅಂದರೆ ಮಿಂಚುಹುಳಗಳ ಗೋರಿ. ಇಸಾವೊ ತಕಾಹತ ನಿರ್ದೇಶಿಸಿದ ಈ ಆನಿಮೇಷನ್ ಚಿತ್ರ 1988ರ ಏಪ್ರಿಲ್ 16ರಂದು ತೆರೆಕಂಡಿತು. ಜೋಡಿಯಾಗಿ ಅದೇ ದಿನ ಬಂದದ್ದು ಇನ್ನೊಬ್ಬ ನಿರ್ದೇಶಕ ಮಿಯಾಜಾಕಿಯವರ 'ಮೈ ನೇಬರ್ ಟೊಟೊರೊ'. ಒಂದರಲ್ಲಿ ಕಾಡಿನ ದೈವದೊಡನೆ ಆಡುವ ಅಕ್ಕತಂಗಿಯರು, ಇನ್ನೊಂದರಲ್ಲಿ ಹಸಿದು ಸಾಯುವ ಅಣ್ಣತಂಗಿ.

ಕತೆ ಸಣ್ಣದು. 1945ರ ಜೂನ್‌ನಲ್ಲಿ ಅಮೆರಿಕದ ಬಿ-29 ವಿಮಾನಗಳು ಕೋಬೆ ನಗರದ ಮೇಲೆ ಬೆಂಕಿಬಾಂಬು ಸುರಿಯುತ್ತವೆ. ತಾಯಿ ಸುಟ್ಟು ಸಾಯುತ್ತಾಳೆ. ತಂದೆ ನೌಕಾಪಡೆಯಲ್ಲಿ, ಸುದ್ದಿಯಿಲ್ಲ. ಹದಿನಾಲ್ಕರ ಸೇಯಿತ, ನಾಲ್ಕರ ಸೆತ್ಸುಕೊ ದೂರದ ಬಂಧುವೊಬ್ಬಳ ಮನೆ ಸೇರುತ್ತಾರೆ. ದಿನ ಕಳೆದಂತೆ ಅಮ್ಮನ ಕಿಮೊನೊಗಳು ಅಕ್ಕಿಯಾಗುತ್ತವೆ, ಮನೆಯೊಡತಿಯ ಮಾತು ಕೊಂಕಾಗುತ್ತದೆ. ದುಡಿದು ಬಂದವರ ಬಟ್ಟಲಿಗೆ ಗಂಜಿಪಾತ್ರೆಯ ತಳದ ಗಟ್ಟಿ. ಈ ಇಬ್ಬರಿಗೆ ಮೇಲಿನ ತಿಳಿ. ಹುಡುಗ ತಂಗಿಯನ್ನು ಕರೆದುಕೊಂಡು ಹೊರಟು, ಕೆರೆದಂಡೆಯ ಪಾಳುಬಿದ್ದ ಆಶ್ರಯಗುಹೆಯಲ್ಲಿ ಸಂಸಾರ ಹೂಡುತ್ತಾನೆ. ಮುಂದೇನು ಎಂಬ ಕುತೂಹಲಕ್ಕೆ ಎಡೆಯಿಲ್ಲ. ಚಿತ್ರ ಶುರುವಾಗುವುದೇ ಸೆಪ್ಟೆಂಬರ್ 21ರ ರಾತ್ರಿ, ರೈಲು ನಿಲ್ದಾಣದಲ್ಲಿ ಆ ಹುಡುಗ ಉಸಿರು ಬಿಡುವುದರೊಂದಿಗೆ.

ನೋಡಿದವರ ಮೊದಲ ಪ್ರತಿಕ್ರಿಯೆ ಎಲ್ಲ ದೇಶಗಳಲ್ಲೂ ಒಂದೇ: ಕಣ್ಣೀರು. ಇದೊಂದು ಅತ್ಯುತ್ತಮ ಚಿತ್ರ, ಆದರೆ ಇನ್ನೊಮ್ಮೆ ನೋಡಲಾರೆ ಎನ್ನುವವರು ಎಲ್ಲೆಡೆ ಸಿಗುತ್ತಾರೆ. ಸೆತ್ಸುಕೊಳ ಕೈಯಲ್ಲಿದ್ದ ಹಣ್ಣಿನ ಪೆಪ್ಪರಮೆಂಟಿನ ಡಬ್ಬಿ ಅವರೊಳಗೆ ಉಳಿದುಬಿಡುತ್ತದೆ. ಖಾಲಿ ಡಬ್ಬಿಗೆ ನೀರು ತುಂಬಿ ಕುಲುಕಿ ಕುಡಿದ ಮಗು ಅದು. ಕೊನೆಗೆ ಆ ಡಬ್ಬಿಯಲ್ಲಿ ಉಳಿಯುವುದು ಅವಳದೇ ಮೂಳೆ. ಆ ಮಿಠಾಯಿ ಮಾಡುತ್ತಿದ್ದ ಸಾಕುಮಾ ಕಂಪನಿ 2023ರ ಜನವರಿಯಲ್ಲಿ ಬಾಗಿಲು ಹಾಕಿದಾಗ ಸುದ್ದಿಗಳಲ್ಲಿ ಈ ಚಿತ್ರದ ಹೆಸರೂ ಬಂತು.

ಕಣ್ಣೊರೆಸಿಕೊಂಡ ಮೇಲೆ ಬರುವುದು ಸಿಟ್ಟು. ನನ್ನ ಇಂದಿನ ಮಾತು ಅದರ ಬಗ್ಗೆ. ನಾಟ್ಯಶಾಸ್ತ್ರ ಬರೆದ ಭರತ ಕರುಣಕ್ಕೆ ಸ್ಥಾಯಿಭಾವ, ಅಂದರೆ ನೆಲೆನಿಂತ ಭಾವ, ಶೋಕ ಎಂದ. ತೀನಂಶ್ರೀಯವರ 'ಭಾರತೀಯ ಕಾವ್ಯಮೀಮಾಂಸೆ' ಓದಿ ಬೆಳೆದ ನಾವು ಸಹೃದಯ ಕರಗುತ್ತಾನೆ ಎಂದು ನಂಬಿದವರು. ಆದರೆ ಈ ಚಿತ್ರದ ಮುಂದೆ ಕರಗಿದವನೇ ಎದ್ದು ನ್ಯಾಯಾಧೀಶನ ಪೀಠದಲ್ಲಿ ಕೂರುತ್ತಾನೆ. ತಪ್ಪು ಯಾರದು?

ಬಹುಕಾಲ ಆ ಮನೆಯೊಡತಿಯೇ ಅಪರಾಧಿ. ಆದರೆ ಇತ್ತೀಚಿನ ವರ್ಷಗಳಲ್ಲಿ, ಟಿವಿಯಲ್ಲಿ ಚಿತ್ರ ಬಂದಾಗಲೆಲ್ಲ, ಜಪಾನಿನಲ್ಲೇ ಇನ್ನೊಂದು ತೀರ್ಪು ಕೇಳಿಬರುತ್ತಿದೆ: ತಪ್ಪು ಹುಡುಗನದೇ. ಬ್ಯಾಂಕಿನಲ್ಲಿ ತಾಯಿ ಇಟ್ಟ 7,000 ಯೆನ್ ಇತ್ತಲ್ಲ? ಯಾಕೆ ದುಡಿಯಲಿಲ್ಲ? ನಾಲ್ಕು ಮಾತು ಸಹಿಸಿಕೊಂಡು ಅಲ್ಲೇ ಬಿದ್ದಿರಬಾರದಿತ್ತೆ? ಇಂಥ ಕಾಲ ಬಂದೀತು ಎಂದು ತಕಾಹತ 1988ರಲ್ಲೇ ಅಂಜಿದ್ದರು. ಸಮಾಜ ಮತ್ತೆ ಒಂದೇ ದನಿಯಲ್ಲಿ ಮಾತಾಡತೊಡಗಿದರೆ ನೋಡುಗರು ಆ ಹೆಂಗಸಿನ ಪರ ನಿಂತಾರು ಎಂಬುದು ಅವರ ಭಯ. ಒಂಬತ್ತರ ಬಾಲಕನಾಗಿ ಒಕಯಾಮದ ಬಾಂಬ್‌ದಾಳಿಯಲ್ಲಿ ಓಡಿ ಉಳಿದವರು ಅವರು.

ನನ್ನದೂ ಹೇಳಿಬಿಡುತ್ತೇನೆ. ಮೊದಲ ಸಲ ನೋಡಿದಾಗ ಆ ಹೆಂಗಸಿನ ಮೇಲೆ ಹಲ್ಲು ಕಡಿದೆ. ತಿಂಗಳ ಕೊನೆಯ ಅಕ್ಕಿಡಬ್ಬಿಗೆ ಕೈ ಹಾಕಿ ಸಂಸಾರ ನಡೆಸಿದ ಮೇಲೆ ನೋಡಿದಾಗ ಅವಳ ಸೌಟಿನ ಲೆಕ್ಕ ಅರ್ಥವಾಯಿತು. ಅರ್ಥವಾಯಿತಲ್ಲ ಎಂದೇ ಹೆದರಿದೆ.

ಮೂಲ ಕತೆಗಾರ ಅಕಿಯುಕಿ ನೊಸಾಕ ಬೇರೊಬ್ಬರನ್ನು ಕಟಕಟೆಯಲ್ಲಿ ನಿಲ್ಲಿಸಿದವರಲ್ಲ. ಯುದ್ಧದ ಕೊನೆಯಲ್ಲಿ ಅವರ ಪುಟ್ಟ ತಂಗಿ ಹಸಿವಿನಿಂದ ಸತ್ತಳು. ತಾನು ಸೇಯಿತನಷ್ಟು ಒಳ್ಳೆಯ ಅಣ್ಣನಾಗಿರಲಿಲ್ಲ, ಅವಳ ಪಾಲಿನದನ್ನೂ ತಿಂದೆ ಎಂದು ಅವರು ಒಪ್ಪಿಕೊಂಡರು. 1967ರ ಆ ಕತೆ ತಂಗಿಗೆ ಕೇಳಿದ ಕ್ಷಮೆ. ಬರೆದವನು ತನ್ನನ್ನೇ ದೂಷಿಸಿಕೊಂಡ. ನೋಡಿದವರು ದೂಷಿಸಲು ಇನ್ನೊಬ್ಬರನ್ನು ಹುಡುಕಿದರು.

ಗಡಿ ದಾಟಿದರೆ ಪ್ರಶ್ನೆ ಇನ್ನೂ ಕಠಿಣ. ಜಪಾನಿನ ಆಳ್ವಿಕೆಯಲ್ಲಿ ನರಳಿದ ಕೊರಿಯಾದಲ್ಲಿ, ದಾಳಿಕೋರ ದೇಶ ತನ್ನನ್ನು ಬಲಿಪಶುವಾಗಿ ತೋರಿಸಿಕೊಂಡಿತೆಂಬ ಆಕ್ಷೇಪ ಎದ್ದಿತು. ಅದನ್ನು ಕಲ್ಲೆದೆ ಎನ್ನಲಾರೆ. ಆ ಮಕ್ಕಳ ತಂದೆ ಯಾವ ಹಡಗಿನಲ್ಲಿ, ಯಾರ ಮೇಲೆ ಯುದ್ಧಕ್ಕೆ ಹೋಗಿದ್ದ ಎಂದು ಕೇಳುವ ಹಕ್ಕು ಅವರದು. ಆ ಪ್ರಶ್ನೆಗೆ ನಾಲ್ಕು ವರ್ಷದ ಮಗು ಉತ್ತರ ಕೊಡಬೇಕಾಗಿಲ್ಲ, ಅಷ್ಟೇ.

ಇದು ಯುದ್ಧವಿರೋಧಿ ಚಿತ್ರವಲ್ಲ, ಇಂಥ ಚಿತ್ರ ಯುದ್ಧ ತಡೆಯಲಾರದು ಎಂದು ತಕಾಹತ ಹೇಳುತ್ತಲೇ ಬಂದರು. ನಮ್ಮ ಮಕ್ಕಳಿಗೆ ಹೀಗಾಗಬಾರದು ಎಂಬ ಇದೇ ಕಣ್ಣೀರನ್ನು ತೋರಿಸಿಯೇ ಅಲ್ಲವೆ, ಯುದ್ಧ ಬೇಕೆನ್ನುವವರು ಜನರನ್ನು ಹೊರಡಿಸುವುದು?

ನಮಗೆ ಗೋವಿನ ಹಾಡು ಗೊತ್ತು. ಅದನ್ನು ಕೇಳಿ ಅಳುವಾಗ ನಮ್ಮ ಕಣ್ಣು ಪುಣ್ಯಕೋಟಿಯ ಸತ್ಯದ ಮೇಲೆ, ಹುಲಿಯ ನಾಚಿಕೆಯ ಮೇಲೆ. ನಡುವೆ ಒಂದು ಗಳಿಗೆ ಇದೆ: ತಬ್ಬಲಿಯಾಗಲಿರುವ ಕರುವನ್ನು ಅವಳು ಉಳಿದ ಹಸುಗಳ ವಶಕ್ಕೆ ಒಪ್ಪಿಸುತ್ತಾಳೆ. ಹಾಡಿನಲ್ಲಿ ಹುಲಿಯೇ ಸತ್ತದ್ದರಿಂದ ಆ ಹಸುಗಳ ಪರೀಕ್ಷೆ ನಡೆಯಲೇ ಇಲ್ಲ. ಕೋಬೆಯಲ್ಲಿ ನಡೆಯಿತು.

ಆದ್ದರಿಂದ ಚಿತ್ರ ನೋಡಿ ಎಷ್ಟು ಅತ್ತಿರಿ ಎಂದು ನಾನು ಕೇಳುವುದಿಲ್ಲ. ಅತ್ತು ಮುಗಿದ ಮೇಲೆ ಯಾರ ಮೇಲೆ ಸಿಟ್ಟು ಬಂತು ಎಂದು ಗಮನಿಸಿ. ಸೌಟು ಈಗ ನಮ್ಮ ಕೈಯಲ್ಲಿದೆ.