ಪಾಲಿಗೆ ಬಂದದ್ದು ಪಂಚಾಮೃತವೆ?

'ಪಾಲಿಗೆ ಬಂದದ್ದು ಪಂಚಾಮೃತ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ದೇವಸ್ಥಾನದಲ್ಲಿ ತೀರ್ಥಕ್ಕೆ ಕೈಯೊಡ್ಡಿದಾಗ ಈ ಮಾತು ಸರಿ. ಒಂದು ಉದ್ಧರಣೆ ಬಂದರೂ ಅದೇ ಪುಣ್ಯ, ಎರಡು ಬಂದರೂ ಅದೇ ಪುಣ್ಯ. ಆದರೆ ಕಂಪೆನಿಯ ಷೇರು ಕೊಂಡವರು ಹೀಗೆ ಹೇಳಿಕೊಂಡು ಸುಮ್ಮನಿದ್ದರೆ ನಡೆಯದು. ಷೇರು ಎಂದರೆ ಪಾಲು ತಾನೆ? ಪಾಲು ಎಂದ ಮೇಲೆ, ಎಷ್ಟರಲ್ಲಿ ಒಂದು ಪಾಲು ಎಂಬುದೇ ಮುಖ್ಯ. ಒಟ್ಟು ಪಾಲುಗಳ ಸಂಖ್ಯೆ ಬೆಳೆದರೆ, ನಮ್ಮ ಖಾತೆಯಿಂದ ಒಂದು ಷೇರೂ ಕಳೆಯದೆ ನಮ್ಮ ಭಾಗ ಮಾತ್ರ ಕರಗುತ್ತದೆ.

ಹಾಗೆ ಕರಗಿಸಬಲ್ಲ ಎರಡು ಸಾಧನಗಳ ವಿಚಾರವನ್ನು ಈ ಹೊತ್ತು ತಮ್ಮ ಮುಂದಿಡುತ್ತೇನೆ. ಒಂದು ಕನ್ವರ್ಟಿಬಲ್ ನೋಟು, ಇನ್ನೊಂದು ವಾರಂಟು. ಇದು ವ್ಯಾಪಾರಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ತಾವು ಎಣಿಸಬಾರದು. ಕೈಯಲ್ಲಿರುವ ಫೋನಿನಲ್ಲೇ ಷೇರು ಕೊಳ್ಳುವ ಕಾಲವಿದು. ನಿವೃತ್ತಿಯ ಹಣ, ಮಗಳ ಓದಿಗೆಂದು ಕೂಡಿಟ್ಟ ಹಣ, 'ಹತ್ತು ರೂಪಾಯಿಗೇ ಸಿಕ್ಕುತ್ತದೆ, ಬಲು ಅಗ್ಗ' ಎಂಬ ಮಾತಿಗೆ ಮರುಳಾಗಿ ಸಣ್ಣ ಕಂಪೆನಿಗಳ ಪಾಲಾಗುವುದುಂಟು.

ಮೊದಲು ಹೆಸರುಗಳ ಅರ್ಥ ನೋಡೋಣ. ಕನ್ವರ್ಟಿಬಲ್ ನೋಟು ಎಂದರೆ ಪರಿವರ್ತನೀಯ ಸಾಲಪತ್ರ. ಇಂದು ಅದು ಸಾಲ. ನಾಳೆ ಸಾಲಕೊಟ್ಟವನು ಇಚ್ಛೆಪಟ್ಟರೆ, ಇಲ್ಲವೆ ಕರಾರಿನಲ್ಲಿ ಹೇಳಿದ ಸಂದರ್ಭ ಬಂದರೆ, ಅದು ಷೇರಾಗುತ್ತದೆ. ವಾರಂಟು ಎಂದೊಡನೆ ನಮಗೆ ಪೋಲೀಸಿನವರ ನೆನಪಾಗುತ್ತದೆ. ಇಲ್ಲಿ ಅದಲ್ಲ. ಗೊತ್ತಾದ ಅವಧಿಯೊಳಗೆ, ಗೊತ್ತಾದ ಬೆಲೆಗೆ, ಕಂಪೆನಿಯಿಂದ ಹೊಸ ಷೇರು ಪಡೆಯುವ ಹಕ್ಕುಪತ್ರ ಅದು. ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ, ಲಾಭವಿದ್ದರೆ ಕೊಳ್ಳಬಹುದು.

ಸಣ್ಣ ಕಂಪೆನಿಗಳು ಇವನ್ನು ಏಕೆ ಹೊರಡಿಸುತ್ತವೆ? ಅಡವಿಡಲು ಆಸ್ತಿ ಸಾಲದಿದ್ದಾಗ ಬ್ಯಾಂಕಿನ ಸಾಲ ಹುಟ್ಟುವುದಿಲ್ಲ. ಆಗ ಹಣವಂತನೊಬ್ಬ, 'ಕಡಮೆ ಬಡ್ಡಿಗೆ ಕೊಡುತ್ತೇನೆ, ಆದರೆ ನಿಮ್ಮ ಏಳಿಗೆಯಲ್ಲಿ ನನಗೂ ಪಾಲಿರಲಿ' ಎನ್ನುತ್ತಾನೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ಎಷ್ಟೋ ಉದ್ಯಮಗಳು ಇಂಥ ಹಣದಿಂದಲೇ ಉಸಿರು ಹಿಡಿದಿವೆ. ಪ್ರಶ್ನೆ ಇರುವುದು ಕರಾರಿನಲ್ಲಿ.

ಒಂದು ಲೆಕ್ಕ ಹಾಕೋಣ. ಒಂದು ಕಂಪೆನಿಗೆ 1,00,000 ಷೇರುಗಳಿವೆ. ಪೇಟೆಯಲ್ಲಿ ಒಂದರ ಬೆಲೆ 50 ರೂಪಾಯಿ. ವರ್ಷದ ಲಾಭ 5 ಲಕ್ಷ. ಎಂದರೆ ಷೇರಿಗೆ 5 ರೂಪಾಯಿ. ತಮ್ಮಲ್ಲಿ 1,000 ಷೇರುಗಳಿದ್ದರೆ ತಾವು ನೂರರಲ್ಲಿ ಒಂದು ಪಾಲಿನ ಒಡೆಯರು. ಈಗ ಕಂಪೆನಿ 10 ಲಕ್ಷ ರೂಪಾಯಿಗಳ ನೋಟು ಹೊರಡಿಸಿತು, 40 ರೂಪಾಯಿಗೆ ಒಂದು ಷೇರಿನಂತೆ ಬದಲಾಯಿಸಿಕೊಳ್ಳಬಹುದೆಂದು ಬರೆದುಕೊಟ್ಟಿತು. ಅದರಿಂದ 25,000 ಹೊಸ ಷೇರುಗಳಾದುವು. ಜೊತೆಗೆ ಅದೇ ಬೆಲೆಗೆ 25,000 ಷೇರುಗಳ ವಾರಂಟನ್ನೂ ಕೊಟ್ಟಿತು. ಎರಡೂ ಷೇರಾದಾಗ ಒಟ್ಟು 1,50,000. ತಮ್ಮ ಪಾಲು ನೂರರಲ್ಲಿ ಒಂದಿದ್ದದ್ದು ನೂರೈವತ್ತರಲ್ಲಿ ಒಂದಾಯಿತು. ಲಾಭ ಬೆಳೆಯದಿದ್ದರೆ ಷೇರಿಗೆ 5 ರೂಪಾಯಿ ಇದ್ದದ್ದು 3 ರೂಪಾಯಿ 33 ಪೈಸೆಗೆ ಇಳಿಯಿತು.

ಹಾಗಾದರೆ ತಮಗೆ ನಷ್ಟವೇ ಆಯಿತೆ? ಆಗಲೇಬೇಕೆಂದಿಲ್ಲ. ಕಂಪೆನಿಯ ಕೈಗೆ ಒಟ್ಟು 20 ಲಕ್ಷ ಬಂದಿದೆಯಷ್ಟೆ. ಆ ಹಣ ವರ್ಷಕ್ಕೆ ಎರಡೂವರೆ ಲಕ್ಷ ಹೆಚ್ಚು ಲಾಭ ದುಡಿದರೆ ಷೇರಿನ ಗಳಿಕೆ ಮತ್ತೆ 5 ರೂಪಾಯಿಗೆ ನಿಲ್ಲುತ್ತದೆ. ಅದಕ್ಕೂ ಮೀರಿ ದುಡಿದರೆ ತಮಗೂ ಲಾಭವೇ. ಹಳೆಯ ಸಾಲ ತೀರಿಸುವುದಕ್ಕೂ ಸಂಬಳಕ್ಕೂ ಅದು ಕರಗಿಹೋದರೆ, ಹಾಲಿಗೆ ನೀರು ಬೆರೆತಂತೆಯೇ ಸರಿ. ಇನ್ನೊಂದು ಮಾತು: ವಾರಂಟುಗಳು ಬಾಕಿಯಿರುವವರೆಗೆ ಷೇರಿನ ಬೆಲೆ ಸರಾಗವಾಗಿ ಏರುವುದು ಕಷ್ಟ. ಬೆಲೆ 60ಕ್ಕೆ ಹೋದರೆ, ವಾರಂಟು ಹಿಡಿದವನು 40ಕ್ಕೆ ಪಡೆದು ಪೇಟೆಯಲ್ಲಿ ಮಾರಲು ಬರುತ್ತಾನೆಂಬುದು ಕೊಳ್ಳುವವರಿಗೆಲ್ಲ ಗೊತ್ತಿರುತ್ತದೆ.

ಮೇಲಿನ ಲೆಕ್ಕದಲ್ಲಿ 40 ರೂಪಾಯಿ ಎಂಬುದು ಮೊದಲೇ ಗೊತ್ತುಮಾಡಿದ ಬೆಲೆ. ಹಾಗಲ್ಲದೆ, 'ಬದಲಾಯಿಸಿಕೊಳ್ಳುವ ದಿನ ಪೇಟೆಯ ಬೆಲೆ ಎಷ್ಟಿರುವುದೋ ಅದಕ್ಕಿಂತ ಶೇಕಡ 20 ಕಡಮೆಗೆ' ಎಂದು ಬರೆದಿದ್ದರೆ ನಿಜವಾದ ಅಪಾಯ. ಪೇಟೆಯ ಬೆಲೆ 25ಕ್ಕೆ ಇಳಿದಿದ್ದರೆ ಅದೇ 10 ಲಕ್ಷಕ್ಕೆ 50,000 ಷೇರು. 10ಕ್ಕೆ ಇಳಿದಿದ್ದರೆ 1,25,000 ಷೇರು. ಹಳಬರೆಲ್ಲರ ಷೇರುಗಳನ್ನು ಕೂಡಿಸಿದರೂ ಅಷ್ಟಿಲ್ಲ! ಸಾಲಕೊಟ್ಟವನಿಗೆ ಬೆಲೆ ಇಳಿದರೂ ಚಿಂತೆಯಿಲ್ಲ. 8ಕ್ಕೆ ಪಡೆದು 10ಕ್ಕೆ ಮಾರುತ್ತಾನೆ. ಅವನು ಮಾರಿದಂತೆಲ್ಲ ಬೆಲೆ ಇಳಿಯುತ್ತದೆ. ಇಳಿದಂತೆಲ್ಲ ಮುಂದಿನ ಕಂತಿಗೆ ಇನ್ನೂ ಹೆಚ್ಚು ಷೇರು ದೊರೆಯುತ್ತದೆ. ಅಮೆರಿಕದ ಪೇಟೆಯವರು ಇದನ್ನು 'ಸಾವಿನ ಸುರುಳಿ' ಎಂದೇ ಕರೆಯುತ್ತಾರೆ. ಕೊಳ್ಳುವವರು ವಿರಳವಾಗಿರುವ ಸಣ್ಣ ಕಂಪೆನಿಯ ಷೇರು ಈ ಸುರುಳಿಗೆ ಬಹು ಬೇಗ ಸಿಕ್ಕುತ್ತದೆ.

ಸಾಲಪತ್ರವನ್ನು ಷೇರಾಗಿ ಮಾರ್ಪಡಿಸಿ ಪೇಟೆಯನ್ನು ಬೀಳಿಸುವ ವಿದ್ಯೆ ಹೊಸದಲ್ಲ. ಅದೇ ಅಮೆರಿಕದಲ್ಲಿ ಈರೀ ಎಂಬ ದೊಡ್ಡ ರೈಲ್ವೆ ಕಂಪೆನಿಯಿತ್ತು. ಅದರ ಖಜಾಂಚಿ ಡೇನಿಯಲ್ ಡ್ರೂ. ಯೌವನದಲ್ಲಿ ಈತ ದನಗಳನ್ನು ಹೊಡೆದುಕೊಂಡು ಹೋಗಿ ಮಾರುತ್ತಿದ್ದವನು. ತೂಕಕ್ಕೆ ಹಾಕುವ ಮುನ್ನ ಅವಕ್ಕೆ ಉಪ್ಪು ತಿನ್ನಿಸಿ ಹೊಟ್ಟೆತುಂಬ ನೀರು ಕುಡಿಸುತ್ತಿದ್ದನೆಂದು ಪ್ರತೀತಿ. 1866ರಲ್ಲಿ ಕಂಪೆನಿಗೆ ಸಾಲ ಕೊಟ್ಟು, ಅದಕ್ಕೆ ಈಡಾಗಿ 28,000 ಷೇರುಗಳನ್ನೂ 30 ಲಕ್ಷ ಡಾಲರುಗಳ ಪರಿವರ್ತನೀಯ ಸಾಲಪತ್ರಗಳನ್ನೂ ಇರಿಸಿಕೊಂಡ. ಆಮೇಲೆ, ಮುಂದೆ ಒಪ್ಪಿಸುವೆನೆಂದು ಹೇಳಿ ಷೇರುಗಳನ್ನು ಹೆಚ್ಚಿನ ಬೆಲೆಗೆ ಮಾರುತ್ತ ಹೋದ. ಒಪ್ಪಿಸಲು ಇವನ ಬಳಿ ಷೇರೆಲ್ಲಿದೆ ಎಂದು ಕೊಂಡವರು ಒಳಗೊಳಗೇ ಹಿಗ್ಗಿದರು. ಅವನು ಸಾಲಪತ್ರಗಳನ್ನು ಷೇರಾಗಿಸಿ, ಒಟ್ಟು 58,000 ಷೇರುಗಳನ್ನು ಪೇಟೆಗೆ ಸುರಿದ. 95 ಡಾಲರಿದ್ದ ಬೆಲೆ 50ಕ್ಕೆ ಕುಸಿಯಿತು. ದೊಡ್ಡ ರೈಲ್ವೆಗೇ ಈ ಗತಿಯಾದರೆ ಸಣ್ಣ ಕಂಪೆನಿಯ ಪಾಡೇನು?

ಇನ್ನು ನಮ್ಮ ದೇಶದ ಕಟ್ಟಳೆಗಳು. ಷೇರುಪೇಟೆಯಲ್ಲಿ ನಮೂದಾದ ಕಂಪೆನಿ ಆಯ್ದ ಕೆಲವರಿಗೆ ವಾರಂಟು ಕೊಡಬೇಕಾದರೆ ಸೆಬಿ ಸಂಸ್ಥೆಯ ನಿಯಮಗಳನ್ನು ಪಾಲಿಸಬೇಕು. ಬೆಲೆ, ಹಿಂದಿನ ದಿನಗಳ ಪೇಟೆಯ ಸರಾಸರಿಯಿಂದ ಕಟ್ಟಿದ ಕನಿಷ್ಠ ಮಟ್ಟಕ್ಕಿಂತ ಕೆಳಗಿರಕೂಡದು. ಶೇಕಡ 25ರಷ್ಟನ್ನು ಮುಂಗಡವಾಗಿ ತೆರಬೇಕು; ಈ ಮುಂಗಡ ಮೊದಲು ಶೇಕಡ 10 ಇದ್ದು 2009ರಲ್ಲಿ ಏರಿತು. ಉಳಿದದ್ದನ್ನು 18 ತಿಂಗಳೊಳಗೆ ಕೊಡದಿದ್ದರೆ ಕೊಟ್ಟ ಹಣ ಮುಟ್ಟುಗೋಲಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಷೇರುದಾರರ ವಿಶೇಷ ನಿರ್ಣಯ ಬೇಕು: ವಿರೋಧದ ಮತಗಳ ಮೂರರಷ್ಟಾದರೂ ಪರವಾಗಿ ಬೀಳಬೇಕು. ಪೇಟೆಗೆ ಬಾರದ ನವೋದ್ಯಮಗಳ ಮಾತು ಬೇರೆ. ಅವು 2016ರಿಂದ, ಒಬ್ಬರಿಂದ ಒಂದೇ ಕಂತಿನಲ್ಲಿ 25 ಲಕ್ಷಕ್ಕೆ ಕಡಮೆಯಾಗದಂತೆ ಕನ್ವರ್ಟಿಬಲ್ ನೋಟಿನ ಮೇಲೆ ಹಣ ಪಡೆಯಬಹುದು; ಮೊದಲು 5 ವರ್ಷವಿದ್ದ ಅವಧಿಯನ್ನು 2020ರಲ್ಲಿ 10 ವರ್ಷಕ್ಕೆ ಹೆಚ್ಚಿಸಿದರು.

ಆದ್ದರಿಂದ ಸಣ್ಣ ಕಂಪೆನಿಯ ಷೇರು ಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಇಂದಿರುವ ಷೇರುಗಳ ಜೊತೆಗೆ ಮುಂದೆ ಹುಟ್ಟಬಹುದಾದವು ಎಷ್ಟು? ಅವು ಹುಟ್ಟುವ ಬೆಲೆ ನಿಂತ ಬೆಲೆಯೋ, ಓಡುವ ಬೆಲೆಯೋ? ಬರುವ ಹಣ ಯಾವ ಕೆಲಸಕ್ಕೆ? ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಮೂರು ತಿಂಗಳಿಗೊಮ್ಮೆ ಷೇರುಪೇಟೆ ಪ್ರಕಟಿಸುವ ಷೇರುದಾರರ ಪಟ್ಟಿಯಲ್ಲಿ, ಬಾಕಿಯಿರುವ ವಾರಂಟುಗಳೆಲ್ಲ ಷೇರಾದರೆ ಯಾರ ಪಾಲು ಎಷ್ಟಾಗುವುದೆಂಬ ಅಂಕಣವೇ ಇರುತ್ತದೆ. ಲಾಭನಷ್ಟದ ತಖ್ತೆಯಲ್ಲಿ ಷೇರಿನ ಗಳಿಕೆಯನ್ನು 'ಬೇಸಿಕ್', 'ಡೈಲ್ಯೂಟೆಡ್' ಎಂದು ಎರಡು ಬಗೆಯಾಗಿ ಕೊಟ್ಟಿರುತ್ತಾರೆ. ಎರಡನೆಯದು ನೀರು ಬೆರೆತ ಮೇಲಿನ ಲೆಕ್ಕ. ಎರಡಕ್ಕೂ ಅಂತರ ಹೆಚ್ಚಿದ್ದರೆ ತಡೆದು ಯೋಚಿಸಬೇಕು.

ಈಗಾಗಲೇ ಷೇರುದಾರರಾಗಿದ್ದೀರಾ? ಹಾಗಿದ್ದರೆ ಕಂಪೆನಿಯಿಂದ ಬರುವ ಸಭೆಯ ತಿಳುವಳಿಕೆ ಪತ್ರವನ್ನು ಓದದೆ ಬದಿಗಿಡಬೇಡಿರಿ. ತಮ್ಮ ಪಾಲನ್ನು ಹಂಚಿಕೊಡಲು ತಮ್ಮದೇ ಒಪ್ಪಿಗೆಯನ್ನು ಕೇಳುವ ಪತ್ರ ಅದು. ಯಾರಿಗೆ, ಎಷ್ಟು, ಯಾವ ಬೆಲೆಗೆ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಓದಿ, ಲೆಕ್ಕ ಹಾಕಿ, ಮತ ಕೊಡಿರಿ. ಆಗ ಪಾಲಿಗೆ ಬಂದದ್ದು ಎಷ್ಟೆಂದು ತಿಳಿದೇ ಅದನ್ನು ಸ್ವೀಕರಿಸಿದಂತಾಗುತ್ತದೆ.