ಯುದ್ಧದಲ್ಲಿ ಸೆರೆಸಿಕ್ಕ ಹಿರಿಯರನ್ನು ಹುಡುಕುವುದು



ವಿಜಾಪುರ ಸೀಮೆಯ ಹಳ್ಳಿಗಳಲ್ಲಿ ಹಿರಿಯರು ಮನೆತನದ ಹಿಂದಿನ ಕಥೆ ಹೇಳುವಾಗ ಒಮ್ಮೊಮ್ಮೆ ಒಂದು ಮಾತು ಬಂದು ಹೋಗುತ್ತದೆ. "ನಮ್ಮ ಮುತ್ಯಾಗ ಒಬ್ಬ ತಮ್ಮ ಇದ್ದ. ಲಡಾಯಿಗೆ ಹೋದಾಂವ ತಿರುಗಿ ಬರಲಿಲ್ಲ." ಅಷ್ಟೇ. ಮುಂದಿನ ಮಾತು ಮಳೆಗೋ ಬೆಳೆಗೋ ಹೊರಳುತ್ತದೆ. ಯಾವ ಲಡಾಯಿ, ಯಾವ ದೇಶ, ಸತ್ತನೋ ಸೆರೆಸಿಕ್ಕನೋ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಸತ್ತನೆಂದು ತಾರು ಬಂದ ಮನೆಯವರು ಅತ್ತು, ಕರ್ಮ ಮುಗಿಸಿ, ಕಾಲ ಕಳೆದಂತೆ ಸಮಾಧಾನ ತಂದುಕೊಂಡರು. "ಪತ್ತೆಯಿಲ್ಲ" ಎಂದು ಕಾಗದ ಬಂದ ಮನೆಯವರ ಪಾಡು ಬೇರೆ. ಹೆಂಡತಿ ಕುಂಕುಮ ಇಡಬೇಕೋ ಬೇಡವೋ, ಹೊಲ ಯಾರ ಹೆಸರಿಗೆ ಏರಬೇಕು, ತಿಥಿ ಯಾವ ದಿನ ಮಾಡಬೇಕು, ಇವೆಲ್ಲ ವರುಷಗಟ್ಟಲೆ ನೆನೆಗುದಿಗೆ ಬಿದ್ದವು. ಹೀಗೆ ಪತ್ತೆಯಿಲ್ಲದವರಾದ ಬಹಳ ಜನ ನಿಜವಾಗಿ ಎಲ್ಲೋ ಒಂದು ಕಡೆ ಯುದ್ಧಕೈದಿಗಳಾಗಿದ್ದರು. ಅಂಥವರನ್ನು ಈಗ ಹುಡುಕಲು ಸಾಧ್ಯವೇ ಎಂಬುದು ಈ ಭಾಷಣದ ವಿಷಯ. ಬಹುಮಟ್ಟಿಗೆ ಸಾಧ್ಯ. ಆದರೆ ಸರ್ಕಾರದ ಕಾಗದಕ್ಕೆ ಗೊತ್ತಿರುವುದು ಸಿಪಾಯಿಯ ನಂಬರು, ಮನೆಗೆ ಗೊತ್ತಿರುವುದು ಅವನ ಹೆಸರು. ಈ ಎರಡನ್ನೂ ಕೂಡಿಸದೆ ಯಾವ ಪತ್ರಾಗಾರದ ಬಾಗಿಲೂ ತೆರೆಯುವುದಿಲ್ಲ.

ಮೊದಲು ನಮ್ಮವರು ಎಲ್ಲೆಲ್ಲಿ ಸೆರೆಸಿಕ್ಕಿರಬಹುದೆಂದು ನೋಡೋಣ. ಆಗ ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಪಲ್ಟನ್ ಸೇರುವ ಯುವಕರಿಗೆ ಹತ್ತಿರದ ದಾರಿಯೆಂದರೆ ಮರಾಠಾ ಪಲ್ಟನ್‌ಗಳು. ಮೊದಲನೆಯ ಮಹಾಯುದ್ಧದಲ್ಲಿ ಭಾರತೀಯ ಸೈನ್ಯದ ಆರನೆಯ ಪುಣೆ ಡಿವಿಜನ್ ಈಗಿನ ಇರಾಕಿನ ಕುತ್-ಅಲ್-ಅಮಾರಾ ಎಂಬ ಊರಿನಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿತು. 103, 110 ಮತ್ತು 117ನೆಯ ಮರಾಠಾ ಪಲ್ಟನ್‌ಗಳು ಅದರಲ್ಲಿದ್ದವು. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ಮುತ್ತಿಗೆ ನಡೆಯಿತು. ಕಾಳು ಮುಗಿಯಿತು, ಕುದುರೆಗಳನ್ನು ಕೊಯ್ದರು. ಭಾರತೀಯ ಸಿಪಾಯಿಗಳಲ್ಲಿ ಬಹಳ ಮಂದಿ ಬಹುಕಾಲ ಆ ಮಾಂಸವನ್ನು ಮುಟ್ಟಲಿಲ್ಲ. ಕೊನೆಗೆ ಸುಮಾರು 13 ಸಾವಿರ ಜನ ಶರಣಾದರು. ಇವರಲ್ಲಿ ಹೆಚ್ಚಿನವರು ಭಾರತೀಯರು. ಸಿಪಾಯಿಗಳಷ್ಟೇ ಅಲ್ಲ, ಅಡುಗೆಯವರು, ನೀರು ಹೊರುವವರು, ಹೇಸರಗತ್ತೆ ಹೊಡೆಯುವವರೂ ಇದ್ದರು. ಹಸಿದ ಹೊಟ್ಟೆಯ ಈ ಜನರನ್ನು ಬಿಸಿಲಲ್ಲಿ ಬಾಗ್ದಾದಿನ ಕಡೆಗೆ, ಅಲ್ಲಿಂದ ಮರುಭೂಮಿ ದಾಟಿಸಿ ರಾಸ್-ಅಲ್-ಐನ್ ಕಡೆಗೆ ನಡೆಸಲಾಯಿತು. ಅಲ್ಲಿ ರೈಲುಹಾದಿ ಹಾಕುವ ಕೆಲಸ. ಸಾವಿರಾರು ಜನ ದಾರಿಯಲ್ಲಿಯೂ ಕೆಲಸದಲ್ಲಿಯೂ ಸತ್ತರು. ಬಂಗಾಳದ ಆಂಬುಲೆನ್ಸ್ ದಳದಲ್ಲಿದ್ದ ಶಿಶಿರ ಸರ್ವಾಧಿಕಾರಿ ಎಂಬ ತರುಣ ಅಲ್ಲಿ ಕೈದಿಯಾಗಿದ್ದು, ಬದುಕಿ ಬಂದು, ಬಂಗಾಳಿಯಲ್ಲಿ 'ಅಭಿ ಲೇ ಬಗ್ದಾದ್' ಎಂಬ ಪುಸ್ತಕ ಬರೆದರು. ನಮ್ಮ ಕಡೆಯಿಂದ ಹೋದವರಲ್ಲಿ ಬರೆಯಬಲ್ಲವರು ಕಡಿಮೆ. ಅವರ ಕಥೆ ಬಾಯಿಯಲ್ಲಿ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಎರಡನೆಯ ಮಹಾಯುದ್ಧದಲ್ಲಿ ದೃಶ್ಯ ಮಲಯಕ್ಕೆ ಬದಲಾಗುತ್ತದೆ. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ಕೈಸೇರಿತು. ಎರಡು ದಿನಗಳ ಮೇಲೆ ಫ್ಯಾರರ್ ಪಾರ್ಕ್ ಎಂಬ ಬಯಲಿನಲ್ಲಿ ನಲವತ್ತು ಸಾವಿರಕ್ಕೂ ಮೀರಿದ ಭಾರತೀಯ ಸೈನಿಕರನ್ನು ಬಿಳಿಯ ಸೈನಿಕರಿಂದ ಬೇರ್ಪಡಿಸಿ ಜಪಾನೀಯರಿಗೆ ಒಪ್ಪಿಸಲಾಯಿತು. ಇದರಲ್ಲಿ ಕನ್ನಡ ನಾಡಿನ ಪಾಲೂ ಇದೆ. ಮೈಸೂರು ಸಂಸ್ಥಾನದ ಒಂದನೆಯ ಮೈಸೂರು ಇನ್‌ಫೆಂಟ್ರಿ ಅಲ್ಲಿತ್ತು. ಹೈದರಾಬಾದ್ ಸಂಸ್ಥಾನದ ಪಲ್ಟನ್ ಮಲಯದ ವಿಮಾನನಿಲ್ದಾಣ ಕಾಯುತ್ತಿತ್ತು. ಸಿಂದಗಿಯಿಂದ ಪೂರ್ವಕ್ಕೆ ಕಾಲಿಟ್ಟರೆ ಆಗ ನಿಜಾಮರ ಸೀಮೆ ಎಂಬುದನ್ನು ನೆನಪಿಡಿರಿ. ಒಂದೇ ಬೀಗತನದ ಎರಡು ಮನೆಗಳ ಹುಡುಗರು ಎರಡು ಸರ್ಕಾರಗಳ ಸೈನ್ಯ ಸೇರಿರಬಹುದು. ಅವರ ಕಾಗದಗಳೂ ಎರಡು ದಾರಿ ಹಿಡಿದಿರುತ್ತವೆ.

ಫ್ಯಾರರ್ ಪಾರ್ಕಿನಿಂದ ಮುಂದೆ ದಾರಿ ಒಡೆಯಿತು. ಕೆಲವರು ಮೋಹನ ಸಿಂಗರ, ಆಮೇಲೆ ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಫೌಜು ಸೇರಿದರು. ಸೇರದೆ ಉಳಿದ ಸಾವಿರಾರು ಜನರನ್ನು ಜಪಾನೀಯರು ಹಡಗು ಹತ್ತಿಸಿ ನ್ಯೂಗಿನಿ, ನ್ಯೂಬ್ರಿಟನ್, ಬೋರ್ನಿಯೋಗಳಿಗೆ ಕೂಲಿಗಳಾಗಿ ಸಾಗಿಸಿದರು. ನ್ಯೂಗಿನಿಗೆ ಹೋದವರಲ್ಲಿ ಹೆಚ್ಚಿನವರು ಹಸಿವು, ಮಲೇರಿಯಾ, ಹೊಡೆತಗಳಿಂದ ಸತ್ತರು. 1945ರ ಸೆಪ್ಟೆಂಬರ್ ಕೊನೆಗೆ ಅಂಗೋರಾಮ್ ಎಂಬಲ್ಲಿ ಆಸ್ಟ್ರೇಲಿಯದ ಸೈನ್ಯಕ್ಕೆ ಒಂದು ಸಣ್ಣ ಗುಂಪು ಜೀವಂತ ಸಿಕ್ಕಿತು. ಆ ಗುಂಪಿನ ಹತ್ತು ಮಂದಿ ಮನೆಯ ಕಡೆ ಹೊರಟ ವಿಮಾನ ಬಿದ್ದು ಸತ್ತುಹೋದರು. ಜಪಾನೀ ಅಧಿಕಾರಿಗಳ ವಿರುದ್ಧ ಸಾಕ್ಷಿ ಹೇಳಲು ಹಿಂದೆ ಉಳಿದಿದ್ದ ಚಿಂತ್ ಸಿಂಗ್ ಒಬ್ಬರೇ ಬದುಕಿದರು. ರಬೌಲ್ ಹತ್ತಿರದ ಬಿಟಾ ಪಾಕಾ ಯುದ್ಧಸ್ಮಶಾನದಲ್ಲಿ ಇಂಥ ಭಾರತೀಯ ಕೈದಿಗಳ ಸಮಾಧಿಗಳಿವೆ.

ಇಲ್ಲಿ ಒಂದು ಮಾತು ಹೇಳಬೇಕು. ಸಿಂಗಪುರದಲ್ಲಿ ಸೆರೆಸಿಕ್ಕ ಮುತ್ಯಾ ಆಜಾದ್ ಹಿಂದ್ ಫೌಜಿನಲ್ಲಿ ಇದ್ದನೆಂದೇ ಸಾಧಿಸುವ ಆಸೆ ನಮಗೆ ಸಹಜವಾಗಿ ಬರುತ್ತದೆ. ಇದ್ದಿರಬಹುದು. ಆದರೆ ಸೇರದೆ ನ್ಯೂಗಿನಿಯ ಕಾಡಿನಲ್ಲಿ ಸತ್ತವನು ಅವನಿಗಿಂತ ಕಡಿಮೆಯವನೇನೂ ಅಲ್ಲ. ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಹುಡುಕಲು ಹೊರಡಬೇಡಿ. ಫೌಜಿನವರು ಮರಳಿ ಬಂದಾಗ ಬ್ರಿಟಿಷರು ವಿಚಾರಣೆ ಮಾಡಿ 'ಬಿಳಿ', 'ಬೂದು', 'ಕಪ್ಪು' ಎಂದು ವಿಂಗಡಿಸಿದರು. 'ಕಪ್ಪು' ಎಂದು ಗುರುತಿಸಿದವರನ್ನು ಸೈನ್ಯದಿಂದ ಹೊರಹಾಕಿದರು. "ಬಂದ, ಆದರೆ ಪೆನ್ಶನ್ ಬರಲಿಲ್ಲ, ಆ ಮಾತು ತೆಗೆದರೆ ಎದ್ದು ಹೋಗುತ್ತಿದ್ದ" ಎಂದು ಮನೆಯಲ್ಲಿ ಹೇಳಿದರೆ ಅದೂ ಒಂದು ಸುಳಿವು. 1972ರಲ್ಲಿ ಆರಂಭವಾದ ಸ್ವಾತಂತ್ರ್ಯಯೋಧರ ಪಿಂಚಣಿ ಯೋಜನೆಯಲ್ಲಿ ಫೌಜಿನವರಿಗೂ ಅವಕಾಶವಿತ್ತು. ಆಗ ಅರ್ಜಿ ಹಾಕಿದ್ದರೆ ಅದರ ನಕಲು ಮನೆಯ ಟ್ರಂಕಿನಲ್ಲಿಯೇ ಇರಬಹುದು.

ಇನ್ನು ಕೆಲಸಕ್ಕೆ ಬರೋಣ. ನೀವು ಮುಳವಾಡದವರೆಂದು ಇಟ್ಟುಕೊಳ್ಳಿ. ಆಯಿಯ ಮುಂದೆ ಕುಳಿತು "ಯುದ್ಧದಲ್ಲಿ ಏನಾಯಿತು?" ಎಂದು ಕೇಳಿದರೆ ಏನೂ ಬರುವುದಿಲ್ಲ, ಆಕೆ ಯುದ್ಧ ನೋಡಿಲ್ಲ. ಮನೆಗೆ ಬಂದದ್ದನ್ನು ಕೇಳಿರಿ. ಮನಿಆರ್ಡರ್ ಬರುತ್ತಿತ್ತೇ? ಯಾವಾಗ ನಿಂತಿತು? ಟಪಾಲು ಓದಿ ಹೇಳುತ್ತಿದ್ದವರು ಯಾರು, ಮಾಸ್ತರರೋ ಕುಲಕರ್ಣಿಯೋ? ವರುಷ ನೆನಪಿರದಿದ್ದರೆ ದೊಡ್ಡ ಗುರುತು ಹಿಡಿಯಿರಿ: 1918ರ ಇನ್‌ಫ್ಲುಯೆಂಜಾ ಬೇನೆಯ ಮೊದಲೋ ಆಮೇಲೋ? ರಜಾಕಾರರ ಗದ್ದಲದ ಮೊದಲೋ ಆಮೇಲೋ? ಇಷ್ಟರಿಂದಲೇ ಯಾವ ಯುದ್ಧವೆಂದು ತಿಳಿದುಹೋಗುತ್ತದೆ.

ಆಮೇಲೆ ಪದಕ. ಮೊದಲ ಮಹಾಯುದ್ಧದ ಬೆಳ್ಳಿಯ ಪದಕದ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಸಿಪಾಯಿಯ ನಂಬರು, ಹುದ್ದೆ, ಹೆಸರು, ಪಲ್ಟನ್ ಸಣ್ಣ ಅಕ್ಷರಗಳಲ್ಲಿ ಕಾಣುತ್ತವೆ. ಕಂಚಿನದಾದರೆ ಅವನು ಕೂಲಿ ದಳದವನೋ ಸೈನ್ಯದ ಸೇವಕವರ್ಗದವನೋ ಆಗಿದ್ದಾನು. ಎಷ್ಟೋ ಮನೆಗಳ ಬೆಳ್ಳಿಪದಕ ಕಷ್ಟಕಾಲದಲ್ಲಿ ಪತ್ತಾರನ ಕುಲುಮೆ ಸೇರಿ ಕಾಲುಂಗುರವಾಗಿದೆ. ಅದಕ್ಕೆ ಯಾರನ್ನು ದೂರೋಣ! ಆದರೆ ಹೊಲದ ಕಾಗದ ಕರಗುವುದಿಲ್ಲ. ಸತ್ತವನ ಹೆಸರು ತೆಗೆದು ವಾರಸುದಾರರ ಹೆಸರು ಏರಿಸಿದ ದಾಖಲೆಯನ್ನು ತಹಶೀಲ್ದಾರ ಕಚೇರಿಯಲ್ಲಿ ಕೇಳಿ ನೋಡಿರಿ. ವಾರಸಾ ಆದ ತಾರೀಖು ಅವನು ಸತ್ತ ತಾರೀಖಲ್ಲ. ಅವನು ಇನ್ನು ಬರುವುದಿಲ್ಲವೆಂದು ಮನೆಯವರು ಒಪ್ಪಿಕೊಂಡ ತಾರೀಖು. ಎರಡರ ನಡುವೆ ಹತ್ತು ವರುಷಗಳ ಅಂತರವಿದ್ದರೆ ಆ ಹತ್ತು ವರುಷ ಆ ಮನೆ ಕಾದಿತ್ತೆಂದು ತಿಳಿಯಿರಿ. ಹಳೆಯ ಕಾಗದ ಮೋಡಿ ಲಿಪಿಯಲ್ಲಿದ್ದರೆ ಓದಬಲ್ಲವರನ್ನು ಹುಡುಕಬೇಕಾಗುತ್ತದೆ.

ಹೆಸರಿನ ತೊಡಕು ಎಲ್ಲಕ್ಕಿಂತ ದೊಡ್ಡದು. ಸೈನ್ಯದ ಕಾರಕೂನ ತನ್ನ ಕಿವಿಗೆ ಕೇಳಿದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡ. ಆ ಲಿಪಿಯಲ್ಲಿ ನಮ್ಮ 'ಳ' ಇಲ್ಲ. ಮುಳವಾಡ ಅಲ್ಲಿ 'ಮುಲ್ವಾಡ'ವಾಗುತ್ತದೆ, ನಡುವಿನ 'ವ'ಕಾರಕ್ಕೆ ಎರಡು ಬೇರೆ ಅಕ್ಷರ ಬರಬಹುದು, ಕೊನೆಯ 'ಡ' ಒಮ್ಮೊಮ್ಮೆ 'ರ' ಆಗಿರಬಹುದು. ಬಸಪ್ಪ ಎಂಬ ಹೆಸರಿಗೆ ನಾಲ್ಕಾರು ರೂಪಗಳು. ಅಡ್ಡಹೆಸರು ಇರುವುದೇ ಇಲ್ಲ, ಅಥವಾ ಊರ ಹೆಸರೇ ಅಡ್ಡಹೆಸರಾಗಿ ಕುಳಿತಿರುತ್ತದೆ. ಆದ್ದರಿಂದ ತಂದೆಯ ಹೆಸರನ್ನು ಮರೆಯದೆ ಜೊತೆಗಿಟ್ಟುಕೊಳ್ಳಿರಿ. ಗೊತ್ತಿರುವ ಎಲ್ಲ ರೂಪಗಳನ್ನೂ ಒಂದು ಹಾಳೆಯಲ್ಲಿ ಬರೆದು ಒಂದೊಂದಾಗಿ ಹುಡುಕಿರಿ. ತಾಲೂಕಿನ ವಿಷಯವೂ ಹಾಗೆಯೇ. ಕೊಲ್ಹಾರ, ನಿಡಗುಂದಿಗಳು ಈಗ ತಾಲೂಕುಗಳು. ಹಳೆಯ ಕಾಗದದಲ್ಲಿ ಅವೆಲ್ಲ ಬಾಗೇವಾಡಿ ತಾಲೂಕು. 1997ರಲ್ಲಿ ಬೇರೆಯಾದ ಬಾಗಲಕೋಟೆಯೂ ಅಲ್ಲಿ ವಿಜಾಪುರವೇ. ಇನ್ನು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳು! ಹಳೆಯ ಕೊಲ್ಹಾರವೇ ನೀರೊಳಗಿದೆ. ಅಂಥ ಊರುಗಳ ಮನೆತನಗಳು ಚದುರಿ ಹೋಗಿವೆ. ಬಲ್ಲ ಮುದುಕರು ಯಾವ ಪುನರ್ವಸತಿ ಕೇಂದ್ರದಲ್ಲಿದ್ದಾರೆಂದು ಮೊದಲು ಕೇಳಿಕೊಳ್ಳಬೇಕು.

ಇಷ್ಟು ಕೈಯಲ್ಲಿದ್ದರೆ ಹೊರಗಿನ ಕಚೇರಿಗಳು ಉಪಯೋಗಕ್ಕೆ ಬರುತ್ತವೆ. ಮರಾಠಾ ಪಲ್ಟನ್ನಿನವನಾದರೆ ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರಕ್ಕೆ ಬರೆಯಿರಿ. ನಂಬರು ಇದ್ದರೆ ಉತ್ತರ ಸಿಗುವ ಸಂಭವ ಹೆಚ್ಚು. ಯುದ್ಧದಲ್ಲಿ ಸತ್ತವರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ ಅಂತರ್ಜಾಲದಲ್ಲಿ ಇಟ್ಟಿದೆ. ಅನೇಕ ಹೆಸರುಗಳ ಮುಂದೆ ತಂದೆಯ ಹೆಸರು, ಊರು, ಜಿಲ್ಲೆ ಇರುತ್ತವೆ. ಸಿಂಗಪುರದ ಕ್ರಾಂಜಿಯಲ್ಲಿ ಸಮಾಧಿ ಗೊತ್ತಿಲ್ಲದ 24 ಸಾವಿರಕ್ಕೂ ಹೆಚ್ಚು ಜನರ ಹೆಸರುಗಳನ್ನು ಕಂಬಗಳ ಮೇಲೆ ಕೆತ್ತಲಾಗಿದೆ. ಯಾವ ಕಂಬವೆಂಬುದೂ ಆ ಪಟ್ಟಿಯಲ್ಲಿ ತಿಳಿಯುತ್ತದೆ. ಜಿನೀವಾದ ರೆಡ್ ಕ್ರಾಸ್ ಸಮಿತಿ ಮೊದಲ ಮಹಾಯುದ್ಧದ ಕೈದಿಗಳ ಸುಮಾರು 70 ಲಕ್ಷ ಕಾರ್ಡುಗಳನ್ನು ಬರೆದಿಟ್ಟಿತ್ತು. 2014ರಿಂದ ಅವನ್ನು ಯಾರಾದರೂ ಮನೆಯಲ್ಲಿಯೇ ಕುಳಿತು ನೋಡಬಹುದು. ಎರಡನೆಯ ಯುದ್ಧದ ಕೈದಿಗಳ ಬಗ್ಗೆ ಆ ಸಮಿತಿಗೇ ಅರ್ಜಿ ಹಾಕಬೇಕು. ವರುಷದ ಕೆಲವು ಅವಧಿಗಳಲ್ಲಿ ಮಾತ್ರ, ಮಿತ ಸಂಖ್ಯೆಯಲ್ಲಿ ಅರ್ಜಿ ತೆಗೆದುಕೊಳ್ಳುತ್ತಾರೆ. ಆಜಾದ್ ಹಿಂದ್ ಫೌಜಿಗೆ ಸಂಬಂಧಿಸಿದ 990 ಕಡತಗಳನ್ನು ರಕ್ಷಣಾ ಇಲಾಖೆ 1997ರಲ್ಲಿ ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಒಪ್ಪಿಸಿದೆ. ಜಪಾನೀಯರ ಕಾಗದಗಳ ಮೇಲೆ ಹೆಚ್ಚು ಆಸೆ ಇಡಬೇಡಿ. 1945ರ ಆಗಸ್ಟಿನಲ್ಲಿ ಸೋಲು ಕಂಡಾಗ ಅವರು ಬಹಳಷ್ಟನ್ನು ಸುಟ್ಟುಹಾಕಿದರು.

ಸೈನಿಕರಲ್ಲದೆ ಸೆರೆಯಲ್ಲಿದ್ದ ನಾಗರಿಕರೂ ಇದ್ದರು. ಅದಕ್ಕೆ ದೂರ ಹೋಗಬೇಕಾಗಿಲ್ಲ. ವಿಜಾಪುರ, ಗುಳೇದಗುಡ್ಡಗಳಲ್ಲಿ ಬಾಸೆಲ್ ಮಿಷನ್ ಕೆಲಸ ಮಾಡುತ್ತಿತ್ತು. ಧಾರವಾಡ, ಹುಬ್ಬಳ್ಳಿ, ಮಂಗಳೂರುಗಳಲ್ಲಿಯೂ ಅದರ ಶಾಲೆ, ಚರ್ಚುಗಳಿದ್ದವು. 1914ರಲ್ಲಿ ಯುದ್ಧ ಹತ್ತಿದಾಗ ಆ ಮಿಷನ್ನಿನ ಜರ್ಮನರು ಶತ್ರುದೇಶದ ಪ್ರಜೆಗಳಾಗಿಬಿಟ್ಟರು. ಅಹಮದ್‌ನಗರದ ಶಿಬಿರದಲ್ಲಿ ಅವರನ್ನು ಕೂಡಿಟ್ಟು, ಬಳಿಕ 'ಗೋಲ್ಕೊಂಡ' ಎಂಬ ಹಡಗಿನಲ್ಲಿ ತವರಿಗೆ ಕಳಿಸಿದರು. ಎರಡನೆಯ ಯುದ್ಧದಲ್ಲಿ ಇಟಲಿಯ ಕೈದಿಗಳನ್ನು ಬೆಂಗಳೂರಿನ ಹತ್ತಿರ ಇಟ್ಟಿದ್ದರು. ನೀವು ಮುತ್ಯಾನನ್ನು ಬಸ್ರಾದ ಕಡೆ ಹುಡುಕುವಂತೆ ಅವರ ಮೊಮ್ಮಕ್ಕಳು ತಮ್ಮ ಅಜ್ಜನನ್ನು ನಮ್ಮ ಊರುಗಳಲ್ಲಿ ಹುಡುಕುತ್ತಾರೆ. ಅವರಿಗೆ ಬಾಸೆಲ್ ನಗರದ ಮಿಷನ್ ಪತ್ರಾಗಾರದಲ್ಲಿ ಪತ್ರಗಳು, ಚಿತ್ರಗಳು, ದಿನಚರಿಗಳು ಸಿಗುತ್ತವೆ. ನಮ್ಮ ಸಿಪಾಯಿಗೆ ಅಂಥ ಭಾಗ್ಯವಿಲ್ಲ.

ಬಸ್ರಾದ ಸ್ಮಾರಕವನ್ನೇ ನೋಡಿರಿ. ಮೆಸೊಪೊಟೇಮಿಯಾದಲ್ಲಿ ಸತ್ತ 40 ಸಾವಿರಕ್ಕೂ ಹೆಚ್ಚು ಜನರ ನೆನಪಿಗೆ ಅದನ್ನು ಕಟ್ಟಲಾಯಿತು. ಬ್ರಿಟಿಷ್ ಸೈನಿಕರ ಹೆಸರುಗಳನ್ನೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನೂ ಕಲ್ಲಿನಲ್ಲಿ ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗಳಿಗೆ ಮಾತ್ರ ಇಂಥ ಪಲ್ಟನ್ನಿನ ಇಷ್ಟು ಜನ ಎಂದು ಸಂಖ್ಯೆ ಹಾಕಿ ಕೈತೊಳೆದುಕೊಂಡರು. ಸತ್ತವರನ್ನು ಹೀಗೆ ಸಮಾನವಾಗಿ ಸ್ಮರಿಸದೆ ಹೋದದ್ದನ್ನು ಯುದ್ಧಸಮಾಧಿ ಆಯೋಗವೇ 2021ರಲ್ಲಿ ವರದಿ ಹೊರಡಿಸಿ ಒಪ್ಪಿಕೊಂಡು ಕ್ಷಮೆ ಕೇಳಿತು. ಹೆಸರು, ತಂದೆಯ ಹೆಸರು, ಊರು, ನಂಬರು ಇವುಗಳ ಪುರಾವೆ ಸಮೇತ ಬರೆದರೆ ಬಿಟ್ಟುಹೋದವರನ್ನು ತನ್ನ ಪಟ್ಟಿಗೆ ಸೇರಿಸುವ ಬಗ್ಗೆ ಅದು ಪರಿಶೀಲಿಸುತ್ತದೆ. ಉತ್ತರ ಬರಲು ತಿಂಗಳುಗಳು ಹಿಡಿಯಬಹುದು. ಆಯಿಯ ವಯಸ್ಸು ಎಂಬತ್ತು ದಾಟಿದ್ದರೆ ಅರ್ಜಿ ನಾಳೆ ಬರೆಯಿರಿ. ಇವತ್ತು ಸಂಜೆ ಆಕೆಯ ಹತ್ತಿರ ಕುಳಿತು, ಮುತ್ಯಾನ ತಮ್ಮನಿಗೆ ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಸೈನ್ಯಕ್ಕೆ ಏನೆಂದು ಬರೆಸಿದ್ದನೆಂದು ಕೇಳಿಕೊಳ್ಳಿರಿ.